ಅಮೀರಬಾಯಿ ಕರ್ನಾಟಕಿ: ರಂಗಸಂಗೀತದಿಂದ ಹಿನ್ನೆಲೆ ಗಾಯನದವರೆಗೆ

ಮುಂಬಯಿ ಚಿತ್ರರಂಗದಲ್ಲಿ ಕರ್ನಾಟಕಿ ಎಂಬ ಹೆಸರಿನಿಂದಲೇ ಪ್ರಸಿದ್ಧರಾದ ಗಾಯಕನಟಿ ಅಮೀರಬಾಯಿ. ಆದರೂ ಕನ್ನಡದ ರಂಗಭೂಮಿ ಹಾಗೂ ಚಲನಚಿತ್ರ ಚರಿತ್ರೆಗಳಲ್ಲಿ ಅವರಿಗೆ ಬಹುಕಾಲ ತಕ್ಕ ಸ್ಥಾನ ದೊರೆಯಲಿಲ್ಲ. ಅವರ ಸಾಧನೆಯ ಬಹುಭಾಗ ಹಿಂದಿಯಲ್ಲಿ ನಡೆದುದೇ ಇದಕ್ಕೆ ಮುಖ್ಯ ಕಾರಣ. ರಹಮತ್ ತರೀಕೆರೆಯವರು ಅವರ ಜೀವನಚರಿತ್ರೆಯನ್ನು ರಚಿಸಿದ ಮೇಲೆ ಈ ಕೊರತೆ ಕೆಲಮಟ್ಟಿಗೆ ನೀಗಿದೆ. ಅಮೀರಬಾಯಿಯವರ ಕಲಾಜೀವನವನ್ನು ಉತ್ತರ ಕರ್ನಾಟಕದ ರಂಗಪರಂಪರೆಯ ಮುಂದುವರಿಕೆಯಾಗಿ ಪರಿಶೀಲಿಸುವುದು ಪ್ರಸ್ತುತ ಬರಹದ ಉದ್ದೇಶ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೀಳಗಿಯಲ್ಲಿ ಅವರ ಜನನವಾಯಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ ಸೇರಿದ ಬೀಳಗಿ, ಅಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂತೆ ಅಖಂಡ ಬಿಜಾಪುರ ಜಿಲ್ಲೆಯ ಭಾಗವಾಗಿತ್ತು. ಈ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದಿತು. ಕನ್ನಡ ನಾಟಕ ಕಂಪನಿಗಳೂ ಮರಾಠಿ ಸಂಗೀತ ನಾಟಕ ಮಂಡಳಿಗಳೂ ಈ ಸೀಮೆಯ ಊರುಗಳಲ್ಲಿ ಬಿಡಾರ ಹೂಡುತ್ತಿದ್ದವು. ಎರಡಕ್ಕೂ ಹಿಂದೂಸ್ತಾನಿ ಸಂಗೀತವೇ ಆಧಾರವಾಗಿದ್ದಿತು. ಅಮೀರಬಾಯಿಯವರ ಮನೆತನ ಇಂಥ ವಾತಾವರಣದಲ್ಲಿ ಬೆಳೆದದ್ದು. ತಂದೆತಾಯಿಗಳು ಸಂಗೀತ ಬಲ್ಲವರಾಗಿದ್ದರು. ಬಂಧುಗಳಲ್ಲಿ ನಾಟಕ ಮಂಡಳಿ ನಡೆಸಿದವರಿದ್ದರು. ಹೀಗಾಗಿ ಗಾಯನ, ಅಭಿನಯಗಳು ಅವರಿಗೂ ಅಕ್ಕ ಗೋಹರಬಾಯಿಗೂ ಬಾಲ್ಯದಲ್ಲಿಯೇ ಮನೆಯ ವಿದ್ಯೆಯಾಗಿ ಒಲಿದುಬಂದವು.

ಮೊದಲು ಮುಂಬಯಿಯಲ್ಲಿ ನೆಲೆ ಕಂಡುಕೊಂಡವರು ಗೋಹರಬಾಯಿ. ಅವರ ನೆರವಿನಿಂದ 1934ರಲ್ಲಿ ವಿಷ್ಣುಭಕ್ತಿ ಚಿತ್ರದ ಮೂಲಕ ಅಮೀರಬಾಯಿಯವರು ಬೆಳ್ಳಿತೆರೆಗೆ ಬಂದರು. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ ತೆರೆಕಂಡದ್ದೂ ಅದೇ ವರ್ಷ. ಆ ಚಿತ್ರವನ್ನು ಸಹ ಕೊಲ್ಹಾಪುರದಲ್ಲಿ ತಯಾರಿಸಬೇಕಾಯಿತೆಂಬುದು ಗಮನಾರ್ಹ. ಕನ್ನಡ ಚಿತ್ರೋದ್ಯಮ ಇನ್ನೂ ಕಣ್ಣುಬಿಡದಿದ್ದ ಆ ಕಾಲದಲ್ಲಿ ಬಿಜಾಪುರ ಜಿಲ್ಲೆಯ ಕಲಾವಿದೆಗೆ ಮುಂಬಯಿಯೇ ಸಹಜವಾದ ದಾರಿಯಾಗಿದ್ದಿತು. ಆದ್ದರಿಂದ ಅವರ ವಲಸೆಯನ್ನು ಕನ್ನಡದಿಂದ ದೂರ ಸರಿದದ್ದೆಂದು ಎಣಿಸುವುದು ಸರಿಯಾಗಲಾರದು.

ಆರಂಭದ ವಾಕ್ಚಿತ್ರಗಳಲ್ಲಿ ನಟಿಯಾದವಳು ತನ್ನ ಹಾಡನ್ನು ತಾನೇ ಹಾಡಬೇಕಾಗಿದ್ದಿತು. ಈ ಅಗತ್ಯ ರಂಗಶಿಕ್ಷಣ ಪಡೆದವರಿಗೆ ಅನುಕೂಲವಾಯಿತು. ವಿಜಯ ಭಟ್ಟರ ನರಸೀ ಭಗತ್ (1940) ಚಿತ್ರದಲ್ಲಿ ವಿಷ್ಣುಪಂತ ಪಾಗನೀಸ್, ದುರ್ಗಾ ಖೋಟೆಯವರೊಡನೆ ಅಮೀರಬಾಯಿಯವರೂ ಇದ್ದರು. 1935ರಲ್ಲಿ ಧೂಪ್ ಛಾಂವ್ ಚಿತ್ರದೊಂದಿಗೆ ಬಳಕೆಗೆ ಬಂದಿದ್ದ ಹಿನ್ನೆಲೆ ಗಾಯನ ಪದ್ಧತಿಯು ಕ್ರಮೇಣ ಮುಖವನ್ನೂ ಕಂಠವನ್ನೂ ಬೇರ್ಪಡಿಸಿತು. ಹಲವು ಗಾಯಕನಟಿಯರು ಇದರಿಂದ ಹಿಂದೆ ಸರಿದರೆ, ಅಮೀರಬಾಯಿಯವರಿಗೆ ಇದೇ ಕೀರ್ತಿಯ ದ್ವಾರವಾಯಿತು. ಬಾಂಬೆ ಟಾಕೀಸ್ ತಯಾರಿಸಿದ ಕಿಸ್ಮತ್ (1943) ಚಿತ್ರದಲ್ಲಿ ನಾಯಕಿ ಮುಮ್ತಾಜ್ ಶಾಂತಿಯ ಹಾಡುಗಳಿಗೆ ಅವರು ಕಂಠವಾದರು. ಅನಿಲ್ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಸಾಹಿತ್ಯಗಳಿಂದ ಕೂಡಿದ ಈ ಚಿತ್ರ ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಗಿಲಾಗಿ ನಡೆಯಿತು. ಮರುವರ್ಷ ನೌಷಾದರ ರತನ್ ಚಿತ್ರದ ಹಾಡು ಈ ಖ್ಯಾತಿಯನ್ನು ದೃಢಪಡಿಸಿತು. 1948ರಲ್ಲಿ ಶಹನಾಜ್ ಚಿತ್ರಕ್ಕೆ ಅವರು ಸಂಗೀತವನ್ನೂ ನಿರ್ದೇಶಿಸಿದರು. ಮಹಿಳೆಯರು ಸಂಗೀತ ನಿರ್ದೇಶಕರಾಗುವುದು ತೀರ ಅಪರೂಪವಾಗಿದ್ದ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ.

ಇತ್ತ ಅಕ್ಕ ಗೋಹರಬಾಯಿ ಚಲನಚಿತ್ರದಿಂದ ರಂಗಭೂಮಿಯತ್ತ ತಿರುಗಿದರು. ಸ್ತ್ರೀಪಾತ್ರಗಳಿಂದ ವಿಖ್ಯಾತರಾಗಿದ್ದ ಮರಾಠಿ ನಟ ಬಾಲಗಂಧರ್ವರ ಮಂಡಳಿಯನ್ನು ಸೇರಿ, ಅವರ ಬಾಳಸಂಗಾತಿಯೂ ಆದರು. ಒಂದೇ ಮನೆಯ ವಿದ್ಯೆ ಒಬ್ಬರನ್ನು ಧ್ವನಿಗ್ರಹಣದ ಕೊಠಡಿಗೂ ಮತ್ತೊಬ್ಬರನ್ನು ರಂಗಮಂಚಕ್ಕೂ ಒಯ್ದಿತು. ರಂಗಭೂಮಿಯಿಂದ ಚಿತ್ರರಂಗಕ್ಕೆ ಒಂದೇ ಮುಖವಾದ ಪಯಣವನ್ನು ಕಲ್ಪಿಸುವ ವಾಡಿಕೆಯನ್ನು ಈ ಸೋದರಿಯರ ಬದುಕು ಪ್ರಶ್ನಿಸುತ್ತದೆ.

ಅಮೀರಬಾಯಿಯವರ ಖಾಸಗಿ ಬದುಕು ಕೀರ್ತಿಯಷ್ಟು ಸುಖಕರವಾಗಿರಲಿಲ್ಲ. ಹಿಮಾಲಯವಾಲಾ ಎಂಬ ಹೆಸರಿನಿಂದ ಪ್ರಸಿದ್ಧನಾದ ನಟನೊಡನೆ ಆದ ವಿವಾಹ ಮುರಿದುಬಿದ್ದಿತು. ದೇಶವಿಭಜನೆಯ ಬಳಿಕ ಆತ ಪಾಕಿಸ್ತಾನಕ್ಕೆ ತೆರಳಿದನು. ಅನಂತರ ಪತ್ರಿಕಾ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ವರಿಸಿದರು. 1949ರ ಸುಮಾರಿಗೆ ಲತಾ ಮಂಗೇಶಕರರ ತೆಳುವಾದ, ಎತ್ತರದ ಶ್ರುತಿಯ ಕಂಠ ಚಿತ್ರಗೀತೆಯ ಮಾದರಿಯಾಗತೊಡಗಿದಾಗ, ತುಂಬುಕಂಠದ ಹಳೆಯ ಗಾಯಕಿಯರಿಗೆ ಅವಕಾಶಗಳು ಕಡಿಮೆಯಾದವು. ಆಗ ಅಮೀರಬಾಯಿಯವರನ್ನು ಕೈಹಿಡಿದದ್ದು ಬಾಲ್ಯದಲ್ಲಿ ಕಲಿತ ಅಭಿನಯ. ಪೋಷಕ ಪಾತ್ರಗಳಲ್ಲಿ ಅವರು ನಟನೆಯನ್ನು ಮುಂದುವರಿಸಿದರು. 1965ರ ಮಾರ್ಚ್ 3ರಂದು ಪಾರ್ಶ್ವವಾಯುವಿನಿಂದ ನಿಧನರಾದರು. ಬಿಜಾಪುರದ ಅಮೀರ್ ಟಾಕೀಸ್ ಅವರ ಹೆಸರನ್ನು ಊರಿನ ನೆನಪಿನಲ್ಲಿ ಉಳಿಸಿತು.

ಕನ್ನಡ ಕೋಗಿಲೆ ಎಂದು ಕರೆಸಿಕೊಂಡ ಕಲಾವಿದೆಯನ್ನು ಹಾಡಿನ ಭಾಷೆಯೊಂದರಿಂದಲೇ ಅಳೆಯುವುದಾದರೆ, ಆ ಕಂಠವನ್ನು ರೂಪಿಸಿದ ನೆಲ ಮರೆಯಾಗುತ್ತದೆ. ಅಖಂಡ ಬಿಜಾಪುರ ಜಿಲ್ಲೆಯ ನಾಟಕ ಕಂಪನಿಗಳ ಇತಿಹಾಸವನ್ನು ಹಿಂದಿ, ಮರಾಠಿ ಕಲಾಚರಿತ್ರೆಗಳೊಂದಿಗೆ ಜೋಡಿಸಿ ನೋಡಿದಾಗಲೇ ಅಮೀರಬಾಯಿಯವರಂಥ ಕಲಾವಿದೆಯರ ಸ್ಥಾನ ಸ್ಪಷ್ಟವಾದೀತು. ಆ ದಿಸೆಯಲ್ಲಿ ಕಂಪನಿಗಳ ದಾಖಲೆಗಳು ಮತ್ತು ಗ್ರಾಮಫೋನ್ ತಟ್ಟೆಗಳ ಸಂಗ್ರಹ, ಅಧ್ಯಯನಗಳು ನಡೆಯಬೇಕಾಗಿವೆ.