ಬೆಟ್ಟವನ್ನು ಮೂರ್ತಿ ಮಾಡಿಸಿದ ಚಾವುಂಡರಾಯ

ಬಂಕಾಪುರದ ಕೋಟೆಯನ್ನು ನೋಡಬಂದವರು ಸಾಮಾನ್ಯವಾಗಿ ನಗರೇಶ್ವರನ ಅರವತ್ತು ಕಂಬದ ಗುಡಿಯನ್ನೂ ಅಲ್ಲಿಯ ನವಿಲುಗಳನ್ನೂ ಕಂಡು ತೃಪ್ತರಾಗಿ ಹಿಂದಿರುಗುತ್ತಾರೆ. ಈ ಊರಿಗೆ ಇನ್ನೊಂದು ಹಿರಿಮೆಯಿದೆ. ಅದು ಕಲ್ಲಿನಲ್ಲಿ ಕಣ್ಣಿಗೆ ಬೀಳುವಂಥದಲ್ಲ. ಅಮೋಘವರ್ಷ ನೃಪತುಂಗನ ಸೇನಾನಿಯಾದ ಬಂಕೇಯನಿಂದ ಈ ಊರಿಗೆ ಹೆಸರು ಬಂದಿತು. ಅವನ ಮಗ ಲೋಕಾದಿತ್ಯನು ಇಲ್ಲಿಂದ ಬನವಾಸಿ ನಾಡನ್ನು ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣವು ಈ ಊರಿನಲ್ಲಿಯೇ ಪೂಜೆಗೊಂಡಿತು. ಮುಂದಿನ ಶತಮಾನದಲ್ಲಿ ಅಜಿತಸೇನಾಚಾರ್ಯರು ಇಲ್ಲಿ ನೆಲೆಸಿದ್ದರು. ಆ ಗುರುವಿನ ಶಿಷ್ಯರಲ್ಲಿ ಒಬ್ಬ ರಾಜನಿದ್ದನು, ಒಬ್ಬ ಮಹಾಕವಿಯಿದ್ದನು, ಒಬ್ಬ ಸೇನಾಪತಿಯೂ ಇದ್ದನು. ಆ ಸೇನಾಪತಿಯೇ ಚಾವುಂಡರಾಯ. ಅವನ ಜೀವನವನ್ನು ನನ್ನ ಸಹಪಾಠಿಗಳ ಮುಂದೆ ಸಂಕ್ಷೇಪವಾಗಿ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಚಾವುಂಡರಾಯನು ತಲಕಾಡಿನ ಗಂಗರ ಮಂತ್ರಿ ಮತ್ತು ದಂಡನಾಯಕ. ಬ್ರಹ್ಮಕ್ಷತ್ರ ಕುಲದವನು. ಮೊದಲು ಮಾರಸಿಂಹನಲ್ಲಿಯೂ ಅನಂತರ ನಾಲ್ಕನೆಯ ರಾಚಮಲ್ಲನಲ್ಲಿಯೂ ಸೇವೆ ಸಲ್ಲಿಸಿದನು. ಅವನಿಗಿದ್ದ ಬಿರುದುಗಳನ್ನು ಓದಿದರೆ ಒಂದು ಯುದ್ಧದ ದಿನಚರಿಯನ್ನೇ ಓದಿದಂತಾಗುತ್ತದೆ. ಖೇಡಗದ ಕಾಳಗದಲ್ಲಿ ವಜ್ವಲನನ್ನು ಸೋಲಿಸಿ ಸಮರಧುರಂಧರನಾದನು. ಗೋನೂರಿನ ಬಯಲಿನಲ್ಲಿ ನೊಳಂಬರೊಡನೆ ಕಾದಿ ವೀರಮಾರ್ತಂಡನಾದನು. ಉಚ್ಚಂಗಿಯ ಕೋಟೆಯಲ್ಲಿ ಕಾದಿ ರಣರಂಗಸಿಂಗನೆನಿಸಿದನು. ಸಮರಪರಶುರಾಮನೆಂಬ ಬಿರುದಿನ ಹಿಂದೆ ಮಾತ್ರ ರಾಜ್ಯದ ಲಾಭವಲ್ಲ, ಮನೆಯ ದುಃಖವಿದೆ. ತನ್ನ ತಮ್ಮನಾದ ನಾಗವರ್ಮನನ್ನು ಕೊಂದವನನ್ನು ಕೊಂದು ಹಗೆ ತೀರಿಸಿಕೊಂಡುದರಿಂದ ಅದು ಬಂದಿತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಗೆಲುವುಗಳು ಇಷ್ಟಿದ್ದರೂ ಅವನ ಕಾಲ ಸುಖದ ಕಾಲವಾಗಿರಲಿಲ್ಲ. 973ರಲ್ಲಿ ಚಾಲುಕ್ಯ ತೈಲಪನಿಂದ ರಾಷ್ಟ್ರಕೂಟರ ಸಾಮ್ರಾಜ್ಯ ಕುಸಿಯಿತು. ಗಂಗರು ಆ ಸಾಮ್ರಾಜ್ಯದ ಬಲಗೈಯಂತಿದ್ದವರು. ಮಾರಸಿಂಹನು ರಾಜ್ಯವನ್ನು ತ್ಯಜಿಸಿ, 974ರಲ್ಲಿ ನಮ್ಮ ಬಂಕಾಪುರಕ್ಕೆ ಬಂದು, ಅಜಿತಸೇನರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟನು. ರಾಷ್ಟ್ರಕೂಟರ ಕೊನೆಯ ಅರಸನಾದ ಇಂದ್ರನೂ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ದಾರಿಯನ್ನು ಹಿಡಿದನು. ಯಾರಿಗಾಗಿ ಕತ್ತಿ ಹಿಡಿದಿದ್ದನೋ ಆ ಅರಸರೇ ಕಿರೀಟವನ್ನು ಕೆಳಗಿಳಿಸಿ ಹೋದುದನ್ನು ಈ ಸೇನಾಪತಿ ಕಂಡನು. ಅವನ ಮುಂದಿನ ಕಾರ್ಯಗಳನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಮಾತ್ರ ಅರ್ಥವಾಗುತ್ತವೆಂದು ನನಗೆ ತೋರುತ್ತದೆ.

978ರಲ್ಲಿ ಅವನು ಅರುವತ್ತುಮೂರು ಮಹಾಪುರುಷರ ಕಥೆಯನ್ನು ಕನ್ನಡ ಗದ್ಯದಲ್ಲಿ ಬರೆದು ಮುಗಿಸಿದನು. ಅದೇ ಚಾವುಂಡರಾಯಪುರಾಣ. ವಡ್ಡಾರಾಧನೆಯನ್ನು ಬಿಟ್ಟರೆ ನಮಗೆ ದೊರೆತಿರುವ ಹಳೆಯ ಗದ್ಯಗ್ರಂಥಗಳಲ್ಲಿ ಇದೇ ಮುಖ್ಯವಾದುದು. ಜಿನಸೇನ ಗುಣಭದ್ರರ ಮಹಾಪುರಾಣವೇ ಇದಕ್ಕೆ ಆಧಾರ. ಎಂದರೆ ಎಂಬತ್ತು ವರ್ಷಗಳ ಹಿಂದೆ ಬಂಕಾಪುರದಲ್ಲಿ ಪೂಜೆಗೊಂಡ ಗ್ರಂಥವೇ ಅವನ ಕೈಯಲ್ಲಿ ತಿಳಿಗನ್ನಡವಾಯಿತು. ಬಳೆಗಾರರ ಮನೆಯಲ್ಲಿ ಹುಟ್ಟಿ, ವಿದ್ಯೆಗಾಗಿ ಮುದುವೊಳಲನ್ನು ಬಿಟ್ಟು ಬಂದ ರನ್ನನಿಗೆ ಆಶ್ರಯವಿತ್ತವನೂ ಇವನೇ. ಕವಿಯು ಕೃತಜ್ಞತೆಯಿಂದ ತನ್ನ ಮಗನಿಗೆ ರಾಯನೆಂದೇ ಹೆಸರಿಟ್ಟನು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಈ ಶಿಷ್ಯನಿಗಾಗಿ ಗೊಮ್ಮಟಸಾರವನ್ನು ರಚಿಸಿದರು. ಗೊಮ್ಮಟನೆಂಬುದು ಚಾವುಂಡರಾಯನದೇ ಇನ್ನೊಂದು ಹೆಸರು.

ಇನ್ನು ಮೂರ್ತಿಯ ವಿಷಯ. ತಾಯಿ ಕಾಳಲದೇವಿಯು ಪೌದನಪುರದ ಬಾಹುಬಲಿಯನ್ನು ಕಾಣದೆ ಹಾಲು ಮುಟ್ಟುವುದಿಲ್ಲವೆಂದು ವ್ರತ ತೊಟ್ಟಳೆಂದೂ, ಮಗನು ಕನಸಿನ ಅಪ್ಪಣೆಯಂತೆ ಚಿಕ್ಕಬೆಟ್ಟದಿಂದ ದೊಡ್ಡಬೆಟ್ಟಕ್ಕೆ ಬಾಣ ಬಿಡಲು ಬಂಡೆಯಲ್ಲಿ ಸ್ವಾಮಿಯ ರೂಪ ತೋರಿತೆಂದೂ ಕಥೆಯಿದೆ. ಕಥೆ ಹಾಗಿರಲಿ. ಬಾಹುಬಲಿಯ ರೂಪವು ಅಂದಿನ ಶಿಲ್ಪಿಗಳಿಗೆ ಹೊಸದಾಗಿರಲಿಲ್ಲ. ಬಾದಾಮಿ ಮತ್ತು ಐಹೊಳೆಯ ಗುಹೆಗಳ ಗೋಡೆಯ ಮೇಲೆ ಅವನನ್ನು ಅದಾಗಲೇ ಕೆತ್ತಿದ್ದರು. ಕಂಚಿನಲ್ಲಿಯೂ ಎರಕ ಹೊಯ್ದಿದ್ದರು. ಶ್ರವಣಬೆಳಗೊಳದ್ದೆಂದು ಹೇಳುವ, ಮೊಳಕ್ಕೆ ತುಸು ಮಿಕ್ಕ ಎತ್ತರದ, ಒಂಬತ್ತನೆಯ ಶತಮಾನದ ಅಂಥ ಒಂದು ವಿಗ್ರಹ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿದೆ. ಕಾಲಿಗೆ ಹಬ್ಬಿದ ಬಳ್ಳಿಯೂ ಅದರಲ್ಲಿ ಉಂಟು.

ಈ ಎರಡು ಕೆಲಸಗಳ ಭೇದವನ್ನು ತುಸು ವಿಚಾರಿಸಬೇಕು. ಕಂಚಿನವನು ಮೊದಲು ಮೇಣದಲ್ಲಿ ರೂಪವನ್ನು ತಿದ್ದುತ್ತಾನೆ. ಮೇಲೆ ಮಣ್ಣು ಮೆತ್ತಿ ಒಣಗಿಸಿ, ಕಾಯಿಸಿ, ಮೇಣವನ್ನು ಹೊರಕ್ಕೆ ಹರಿಸಿ, ಉಳಿದ ಪೊಳ್ಳಿನಲ್ಲಿ ಕರಗಿದ ಲೋಹವನ್ನು ಎರೆಯುತ್ತಾನೆ. ಎರಕ ಕೆಟ್ಟರೆ ಲೋಹವನ್ನು ಮತ್ತೆ ಕರಗಿಸಬಹುದು. ಬಂಡೆಯಲ್ಲಿ ಹಾಗಲ್ಲ. ಅಲ್ಲಿ ಕೂಡಿಸುವುದಿಲ್ಲ, ಕಳೆಯುವುದು ಮಾತ್ರ. ಉಳಿಯ ಒಂದು ಪೆಟ್ಟು ಹೆಚ್ಚಾದರೆ ಹೋದ ಚೂರನ್ನು ಮರಳಿ ತರುವಂತಿಲ್ಲ. ಅದರಲ್ಲಿಯೂ ಇದು ಮೆತು ಕಲ್ಲಲ್ಲ, ಕಗ್ಗಲ್ಲು. ಬೇರೆಡೆ ಕೆತ್ತಿ ತಂದು ನಿಲ್ಲಿಸಿದುದಲ್ಲ, ಬೆಟ್ಟದ ನೆತ್ತಿಯಲ್ಲಿದ್ದ ಬಂಡೆಯೇ. ಎತ್ತರ ಸುಮಾರು 58 ಅಡಿ. ತೊಡೆಯವರೆಗೆ ಹುತ್ತಗಳ ಆಸರೆಯಿದೆ. ಅದರ ಮೇಲೆ ಯಾವ ಆಧಾರವೂ ಇಲ್ಲದೆ ಮೂರ್ತಿ ಬಯಲಿನಲ್ಲಿ ಉತ್ತರಾಭಿಮುಖವಾಗಿ ನಿಂತಿದೆ. ಗುಡಿ ಕಟ್ಟಿಸಿ ದೇವರನ್ನು ಒಳಗಿಡುವುದು ವಾಡಿಕೆ. ಇಲ್ಲಿ ಬೆಟ್ಟವೇ ಪೀಠ, ಆಕಾಶವೇ ಮಾಡು. ಹರದಾರಿ ದೂರದ ಹೊಲದಲ್ಲಿ ನೇಗಿಲು ಹಿಡಿದವನಿಗೂ ದರ್ಶನವಾಗುವಂತೆ ಒಬ್ಬ ಮಂತ್ರಿ ಮೂರ್ತಿ ಮಾಡಿಸಿದನೆಂಬುದು ಸಣ್ಣ ಮಾತಲ್ಲ.

978ರ ಪುರಾಣದಲ್ಲಿ ಈ ಮೂರ್ತಿಯ ಮಾತಿಲ್ಲ. 993ರ ರನ್ನನ ಅಜಿತಪುರಾಣದಲ್ಲಿ ಅತ್ತಿಮಬ್ಬೆ ಅದರ ದರ್ಶನಕ್ಕೆ ಹೋದ ಸಂಗತಿಯಿದೆ. ಆದುದರಿಂದ ಇದು ನಡುವಿನ ವರ್ಷಗಳಲ್ಲಿ ಆಯಿತೆಂಬುದು ಸ್ಪಷ್ಟ. 981 ಎಂದು ಹಲವರ ಮತ. ಅದರಂತೆಯೇ 1981ರಲ್ಲಿ ಸಹಸ್ರಮಾನದ ಮಹಾಮಸ್ತಕಾಭಿಷೇಕ ನಡೆಯಿತು.

ಅರುವತ್ತುಮೂರು ಮಹಾಪುರುಷರ ಕಥೆ ಬರೆದವನು ಮೂರ್ತಿಗೆ ಬಾಹುಬಲಿಯನ್ನೇ ಏಕೆ ಆರಿಸಿದನು? ತೀರ್ಥಂಕರರೇ ಇಪ್ಪತ್ತನಾಲ್ವರು ಇದ್ದರಲ್ಲ! ಬಾಹುಬಲಿಯು ಅಣ್ಣನಾದ ಭರತನನ್ನು ಯುದ್ಧದಲ್ಲಿ ಗೆದ್ದು, ಗೆದ್ದ ಗಳಿಗೆಯಲ್ಲಿಯೇ ರಾಜ್ಯವನ್ನು ಅವನಿಗೆ ಬಿಟ್ಟು ತಪಸ್ಸಿಗೆ ಹೋದವನು. ಚಾವುಂಡರಾಯನು ತಮ್ಮನ ಸಾವಿಗೆ ಹಗೆ ತೀರಿಸಿಕೊಂಡವನು. ತಾನು ಗೆದ್ದುದೆಲ್ಲ ಬಿರುದಾಯಿತು. ತನ್ನಿಂದ ಆಗದೆ ಉಳಿದುದನ್ನು ಅವನು ಮೂರ್ತಿಯಾಗಿ ನಿಲ್ಲಿಸಿದನು. ಇದು ನನ್ನ ಊಹೆ. ಶಾಸನದಲ್ಲಿ ಇಂಥದನ್ನು ಯಾರೂ ಬರೆಸುವುದಿಲ್ಲ.

ಶಾಸನದ ಮಾತು ಬಂದುದರಿಂದ ಇನ್ನೆರಡು ಸಂಗತಿಗಳನ್ನು ಹೇಳಬೇಕು. ಮೂರ್ತಿಯ ಪಾದದ ಪಕ್ಕದಲ್ಲಿ ಕನ್ನಡ, ತಮಿಳು, ಮರಾಠಿ ಮೂರು ಭಾಷೆಗಳಲ್ಲಿಯೂ ಚಾವುಂಡರಾಯನು ಇದನ್ನು ಮಾಡಿಸಿದನೆಂಬ ಪುಟ್ಟ ವಾಕ್ಯವಿದೆ. ಬಿರುದುಗಳ ಸಾಲಿಲ್ಲ, ವಂಶದ ಹೊಗಳಿಕೆಯಿಲ್ಲ. ಅವನ ಪರಾಕ್ರಮವನ್ನು ವಿಸ್ತಾರವಾಗಿ ಕೆತ್ತಿದ್ದುದು ಅದೇ ಬೆಟ್ಟದ ತ್ಯಾಗದ ಬ್ರಹ್ಮದೇವರ ಕಂಬದ ಮೇಲೆ. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣನೆಂಬವನು ತನ್ನ ಎರಡು ಮೂರು ಸಾಲುಗಳಿಗಾಗಿ ಅದರ ಮೂರು ಮುಖಗಳ ಬರಹವನ್ನು ಅಳಿಸಿಬಿಟ್ಟನು. ಒಂದು ಮುಖ ಮಾತ್ರ ಉಳಿದಿದೆ. ಯುದ್ಧಗಳ ಹೊಗಳಿಕೆ ಅಳಿಯಿತು, ಪಾದದ ಬಳಿಯ ಪುಟ್ಟ ವಾಕ್ಯ ಉಳಿಯಿತು.

ಆದರೆ ಆ ವಾಕ್ಯ ಮಾಡಿಸಿದವನನ್ನು ಹೇಳುತ್ತದೆಯೇ ಹೊರತು ಮಾಡಿದವನನ್ನು ಹೇಳುವುದಿಲ್ಲ. ಅರಿಷ್ಟನೇಮಿಯೆಂಬ ಶಿಲ್ಪಿಯ ಹೆಸರನ್ನು ಕೆಲವರು ಹೇಳುತ್ತಾರೆ. ಪಾದದ ಬಳಿ ಆ ಹೆಸರಿಲ್ಲ. ಕೂಲಿಯಾಗಿ ಬಂದ ಚಿನ್ನಕ್ಕೆ ಶಿಲ್ಪಿಯ ಕೈ ಅಂಟಿಕೊಂಡಿತೆಂದೂ, ತಾಯಿ ಬುದ್ಧಿ ಹೇಳಲು ಅದನ್ನು ಬಿಟ್ಟು ಕೆಲಸ ಮುಗಿಸಿದನೆಂದೂ ಜನ ಕಥೆ ಕಟ್ಟಿದ್ದಾರೆ. ದೊರೆಯ ಜಂಬವನ್ನು ಗುಳ್ಳಕಾಯಿಯಷ್ಟು ಹಾಲಿನಿಂದ ಇಳಿಸಿದ ಅಜ್ಜಿಯ ಕಥೆಯನ್ನೂ ಕಟ್ಟಿದ್ದಾರೆ. ಶಾಸನ ಬಿಟ್ಟುದನ್ನು ಜನ ಕಥೆಯಿಂದ ತುಂಬಿಕೊಂಡರು. ಕಾರ್ಕಳದಲ್ಲಿ 1432ರಲ್ಲಿಯೂ ವೇಣೂರಿನಲ್ಲಿ 1604ರಲ್ಲಿಯೂ ಗೊಮ್ಮಟರು ನಿಂತರು. 1982ರಲ್ಲಿ ಪ್ರತಿಷ್ಠೆಗೊಂಡ ಧರ್ಮಸ್ಥಳದ ಬಾಹುಬಲಿಯನ್ನು ಕೆತ್ತಿದವರು ಕಾರ್ಕಳದ ರೆಂಜಾಳ ಗೋಪಾಲ ಶೆಣೈ ಎಂದು ಇಂದು ಎಲ್ಲರೂ ಬಲ್ಲರು. ಸಾವಿರ ವರ್ಷಗಳಲ್ಲಿ ನಾವು ಇಷ್ಟಾದರೂ ಮುಂದೆ ಬಂದಿದ್ದೇವೆ.

ಚಾವುಂಡರಾಯನ ಮಗ ಜಿನದೇವಣನು 995ರ ಹೊತ್ತಿಗೆ ಚಿಕ್ಕಬೆಟ್ಟದ ಚಾವುಂಡರಾಯ ಬಸದಿಯ ಮೇಲಂತಸ್ತಿನಲ್ಲಿ ಪಾರ್ಶ್ವನಾಥನನ್ನು ಸ್ಥಾಪಿಸಿದನು. ಗಂಗರ ರಾಜ್ಯ ಬಹುಕಾಲ ಉಳಿಯಲಿಲ್ಲ. ಆ ಸೇನಾಪತಿ ಕಾಪಾಡಿದ ಕೋಟೆಗಳು ಕೈಬದಲಾದವು. ಕೆತ್ತಿಸಿದ ಬಂಡೆ ನಿಂತಿತು. ಬೆಳಗೊಳದ ಬೆಟ್ಟವನ್ನು ಹತ್ತುವ ಮಿತ್ರರು ಮೂರ್ತಿಯ ಮುಖವನ್ನು ನೋಡಿದ ಮೇಲೆ ಪಾದದ ಬಳಿಯ ಅಕ್ಷರಗಳನ್ನೂ ನೋಡಲಿ. ಅಲ್ಲಿ ಹೆಸರಿಲ್ಲದ ಉಳಿಯವರನ್ನೂ, ಇತ್ತ ಬಂಕಾಪುರದಲ್ಲಿ ಕುಳಿತು ಒಬ್ಬ ಸೇನಾಪತಿಗೆ ತ್ಯಾಗದ ಪಾಠ ಹೇಳಿದ ಗುರುವನ್ನೂ ಒಂದು ಕ್ಷಣ ಸ್ಮರಿಸಲಿ.