ರೇಷ್ಮೆ ನೂಲಿನ ಮೂಲವನ್ನು ಅರಸಿದ ಟಿಪ್ಪು ಸುಲ್ತಾನ

ಗದ್ವಾಲ್ ಸೀರೆಯ ಒಡಲು ಹತ್ತಿಯದು. ಅಂಚು ಮತ್ತು ಸೆರಗು ರೇಷ್ಮೆಯವು. ಇವೆರಡನ್ನೂ ಮಗ್ಗದ ಮೇಲೆಯೇ ಬೆಸೆಯುವ ಕುಶಲ ನೇಕಾರರು ಗದ್ವಾಲಿನಲ್ಲಿದ್ದಾರೆ. ಆದರೆ ಅವರಿಗೆ ಬೇಕಾದ ರೇಷ್ಮೆ ನೂಲು ಬೆಂಗಳೂರಿನ ಕಡೆಯಿಂದಲೂ ಜರಿ ಸೂರತ್ತಿನಿಂದಲೂ ಬರಬೇಕು. ಇಂದು ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ಕರ್ನಾಟಕ. ಅಲ್ಲಿ ಈ ಕೃಷಿಗೆ ಅರಸೊತ್ತಿಗೆಯ ಬೆಂಬಲವಿತ್ತು ಬೇರೂರಿಸಲು ಯತ್ನಿಸಿದವನು ಟಿಪ್ಪು ಸುಲ್ತಾನ.

1750ರ ನವೆಂಬರಿನಲ್ಲಿ ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು, ತಂದೆ ಹೈದರಾಲಿಯು 1782ರ ಡಿಸೆಂಬರಿನಲ್ಲಿ ತೀರಿಕೊಂಡಾಗ ರಣರಂಗದ ನಡುವೆಯೇ ಅಧಿಕಾರ ವಹಿಸಿಕೊಂಡನು. 1784ರ ಮಂಗಳೂರು ಒಪ್ಪಂದದೊಡನೆ ಇಂಗ್ಲಿಷರ ಜೊತೆಗಿನ ಯುದ್ಧ ನಿಂತಿತು. ಬಳಿಕ ಅವನು ವ್ಯಾಪಾರಕ್ಕೆ ಹೆಚ್ಚಿನ ಗಮನ ಕೊಟ್ಟನು. ಮೈಸೂರಿನ ಶ್ರೀಗಂಧ, ಮೆಣಸು, ಏಲಕ್ಕಿಗಳು ಮಸ್ಕತ್ತಿನಲ್ಲಿದ್ದ ಅವನ ಕೋಠಿಗೆ ಹೋಗುತ್ತಿದ್ದವು.

ಆ ಕಾಲದ ಬೆಂಗಳೂರಿನಲ್ಲಿ ಪಟ್ಟೇಗಾರರೂ ಖತ್ರಿಗಳೂ ರೇಷ್ಮೆ ಬಟ್ಟೆ ನೇಯುತ್ತಿದ್ದರು. ಕಚ್ಚಾ ರೇಷ್ಮೆ ಮಾತ್ರ ಹೊರಗಿನಿಂದ ಬರುತ್ತಿತ್ತು. ಟಿಪ್ಪು ನೂಲನ್ನು ಕೊಂಡುಕೊಳ್ಳುವುದಕ್ಕೆ ತೃಪ್ತನಾಗದೆ, ನೂಲು ಹುಟ್ಟುವ ಹುಳುವನ್ನೇ ತರಿಸಲು ಮುಂದಾದನು. ರೇಷ್ಮೆಹುಳುಗಳನ್ನೂ ಅವುಗಳ ಸಾಕಣೆ ಬಲ್ಲವರನ್ನೂ ಕಳುಹಿಸಿಕೊಡುವಂತೆ ಮಸ್ಕತ್ತಿನ ಅಧಿಕಾರಿಗೆ ಬರೆದನು. ಬುರ್ಹಾನುದ್ದೀನ್ ಮತ್ತು ಕಸ್ತೂರಿರಂಗ ಎಂಬಿಬ್ಬರನ್ನು ಅದೇ ಕಾರ್ಯಕ್ಕೆ ಬಂಗಾಳಕ್ಕೆ ಅಟ್ಟಿದನು.

1786ರಲ್ಲಿ ಅವನ ಸೇನೆ ನಿಜಾಮನ ಕಡೆಯವರಿಂದ ಆದವಾನಿಯನ್ನು, ಎಂದರೆ ತುಂಗಭದ್ರೆಯ ಆಚೆಗೆ ನಮ್ಮ ನೆರೆಯಲ್ಲೇ ಇರುವ ಕೋಟೆಯನ್ನು, ಗೆದ್ದಿತು. ಅದೇ ವರ್ಷ ಅವನು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದು, ಬಂಗಾಳದಿಂದ ಬರಲಿರುವ ಹುಳುಗಳಿಗೆ ತಕ್ಕ ಸ್ಥಳವನ್ನು ಸಿದ್ಧಪಡಿಸುವಂತೆ ಆಜ್ಞಾಪಿಸಿದನು. ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಬೇಕು, ಹದವಾದ ಗಾಳಿ ಬೇಕು, ಗೂಡಿನ ಎಳೆಯನ್ನು ಬಿಚ್ಚುವ ಕೈಚಳಕ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ನೂಲಿಲ್ಲ. ರಾಜ್ಯದ 21 ಕೇಂದ್ರಗಳಲ್ಲಿ ರೇಷ್ಮೆ ಬೆಳೆಸುವ ಯೋಜನೆ ಅವನದಾಗಿತ್ತು.

ಆ ಯೋಜನೆ ಫಲಿಸಲು ಕಾಲ ಒದಗಲಿಲ್ಲ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಕೈಬಿಟ್ಟಿತು. ಇಬ್ಬರು ಮಕ್ಕಳು ಒತ್ತೆಯಾಳುಗಳಾದರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತ ಅವನು ಮಡಿದನು. ಕೊಡಗು, ಮಲಬಾರುಗಳಲ್ಲಿ ಅವನ ದಂಡಯಾತ್ರೆಗಳು ಉಳಿಸಿದ ಗಾಯದ ನೆನಪು ಇಂದಿಗೂ ಮಾಸಿಲ್ಲ. ಅದನ್ನು ಮರೆಮಾಚಬೇಕಾಗಿಯೂ ಇಲ್ಲ. ರೇಷ್ಮೆ ಮಾತ್ರ ರೈತರ ಮನೆಗಳಲ್ಲಿ ಉಳಿಯಿತು. 19ನೆಯ ಶತಮಾನದ ಕೊನೆಯಲ್ಲಿ ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನೀ ಪದ್ಧತಿಯ ತೋಟವನ್ನು ತೆರೆದರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾಯಿತು.

1956ರವರೆಗೆ ಗದ್ವಾಲ್ ರಾಯಚೂರು ಜಿಲ್ಲೆಗೆ ಸೇರಿತ್ತು. ಗಡಿ ಬದಲಾದರೂ ನೂಲಿನ ದಾರಿ ಬದಲಾಗಲಿಲ್ಲ. ರೇಷ್ಮೆಯ ಬೆಲೆ ಏರಿದಾಗಲೆಲ್ಲ ಗದ್ವಾಲ್, ನಾರಾಯಣಪೇಟೆಗಳ ನೇಕಾರರ ಕೂಲಿಗೆ ಕತ್ತರಿ ಬೀಳುತ್ತದೆ. ರೇಷ್ಮೆಯಂತೆ ಹೊಳೆಯುವ ಪಾಲಿಯೆಸ್ಟರ್ ಎಳೆಯ ಅಗ್ಗದ ಸೀರೆ ಅವರ ಮಾರುಕಟ್ಟೆಯನ್ನು ಕಸಿಯುತ್ತದೆ. ಜುರಾಲಾದ ನೀರು ಹರಿಯುವ ಹೊಲಗಳಲ್ಲಿ ಹಿಪ್ಪುನೇರಳೆ ಏಕೆ ಬೆಳೆಯಬಾರದು? ನೇಕಾರರ ಸಂಘಗಳಿಗೆ ನೂಲಿನ ದಾಸ್ತಾನು ಮಳಿಗೆ ಏಕೆ ದೊರೆಯಬಾರದು? ಇನ್ನೂರು ವರ್ಷಗಳ ಹಿಂದೆ ಹುಳುವಿಗಾಗಿ ಬಂಗಾಳದವರೆಗೆ ಆಳುಗಳನ್ನು ಅಟ್ಟಿದ ದೊರೆಯ ಬದುಕನ್ನು ಓದುವಾಗ ನಮ್ಮ ಜನಪ್ರತಿನಿಧಿಗಳಿಗೆ ಕೇಳಬೇಕಾದ ಪ್ರಶ್ನೆಗಳು ಇವು.