ಸ್ನೇಹಲತಾ ರೆಡ್ಡಿ: ಚುನಾಯಿತ ಪ್ರಭುತ್ವದ ಹಗೆ ಮತ್ತು ಒಂದು ಬದುಕು

ಕನ್ನಡದ ಸಾಂಸ್ಕೃತಿಕ ಚರ್ಚೆಗಳಲ್ಲಿ ಸ್ನೇಹಲತಾ ರೆಡ್ಡಿ ಅವರ ಹೆಸರು ಬಹುಮಟ್ಟಿಗೆ ‘ಸಂಸ್ಕಾರ’ ಚಲನಚಿತ್ರದ ಚಂದ್ರಿಯ ಪಾತ್ರಕ್ಕೆ ಸೀಮಿತಗೊಂಡಿದೆ. ಆದರೆ ಅವರ ಬದುಕಿನ ಕೊನೆಯ ಒಂಬತ್ತು ತಿಂಗಳು ಪ್ರಜಾಪ್ರಭುತ್ವವನ್ನು ಕುರಿತ ಮೂಲಭೂತ ಪ್ರಶ್ನೆಯೊಂದನ್ನು ನಮ್ಮ ಮುಂದಿಡುತ್ತವೆ. ಜನರ ಮತದಿಂದ ಅಧಿಕಾರ ಪಡೆದವರು ಅದನ್ನೇ ಹಗೆ ಸಾಧಿಸುವ ಉಪಕರಣವಾಗಿಸಿಕೊಂಡಾಗ, ವ್ಯಕ್ತಿಗೆ ರಕ್ಷಣೆ ಎಲ್ಲಿಂದ ದೊರೆಯಬೇಕು?

1932ರಲ್ಲಿ ಜನಿಸಿದ ಸ್ನೇಹಲತಾ ಅವರ ರಂಗಜೀವನ ರೂಪುಗೊಂಡದ್ದು ಮದರಾಸಿನಲ್ಲಿ. ಅಲ್ಲಿನ ‘ಮದ್ರಾಸ್ ಪ್ಲೇಯರ್ಸ್’ ನಾಟಕ ತಂಡದ ಸ್ಥಾಪಕರಲ್ಲಿ ಅವರೂ ಒಬ್ಬರು. ಪತಿ, ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ ಅವರೊಡನೆ ಅವರು ರಾಮಮನೋಹರ ಲೋಹಿಯಾ ಅವರ ಸಮಾಜವಾದಿ ಚಿಂತನೆಯನ್ನು ತಮ್ಮದಾಗಿಸಿಕೊಂಡರು. ಯು.ಆರ್. ಅನಂತಮೂರ್ತಿ ಅವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿ ನಿರ್ದೇಶಿಸಿದ ‘ಸಂಸ್ಕಾರ’ಕ್ಕೆ ಸೆನ್ಸಾರ್ ಮಂಡಳಿ ಮೊದಲು ಅಡ್ಡಿಪಡಿಸಿತು, ತರುವಾಯ ಅದೇ ಚಿತ್ರ 1970ರ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಗೆ ಪಾತ್ರವಾಯಿತು.

1971ರಲ್ಲಿ ಭಾರಿ ಬಹುಮತದಿಂದ ಅಧಿಕಾರಕ್ಕೆ ಬಂದ ಇಂದಿರಾ ಗಾಂಧಿ ಅವರ ಆಯ್ಕೆಯನ್ನು ಅಲಹಾಬಾದ್ ಉಚ್ಚ ನ್ಯಾಯಾಲಯವು 1975ರ ಜೂನ್ 12ರಂದು ಅಸಿಂಧುಗೊಳಿಸಿತು. ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಭೂಗತರಾದರು. ಅವರು ಕೈಗೆ ಸಿಗದಿದ್ದಾಗ ಪೊಲೀಸರ ದೃಷ್ಟಿ ಅವರ ಆಪ್ತರತ್ತ ಹೊರಳಿತು. 1976ರ ಮೇ 1ರಂದು ಬೆಂಗಳೂರಿನಲ್ಲಿ ಅವರ ತಮ್ಮ ಲಾರೆನ್ಸ್ ಅವರನ್ನು ಹಿಡಿದು ಚಿತ್ರಹಿಂಸೆಗೆ ಗುರಿಪಡಿಸಲಾಯಿತು. ಮರುದಿನ ಕುಟುಂಬಸ್ನೇಹಿತೆಯಾಗಿದ್ದ ಸ್ನೇಹಲತಾ ಬಂಧಿತರಾದರು.

ಇಲ್ಲಿ ದಿನಾಂಕಗಳು ಗಮನಾರ್ಹ. ಈ ಬಂಧನಕ್ಕೆ ಕೇವಲ ನಾಲ್ಕು ದಿನ ಮೊದಲು, ಏಪ್ರಿಲ್ 28ರಂದು, ಮೀಸಾ ಕಾಯ್ದೆಯಡಿ ಸ್ಥಾನಬದ್ಧರಾದವರು ಹೇಬಿಯಸ್ ಕಾರ್ಪಸ್ ಅರ್ಜಿಯ ಮೂಲಕ ಬಿಡುಗಡೆ ಕೋರುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ನಾಲ್ಕು-ಒಂದರ ಬಹುಮತದಿಂದ ತೀರ್ಪಿತ್ತಿತ್ತು. ಭಿನ್ನಮತ ದಾಖಲಿಸಿದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಹೀಗೆ ನ್ಯಾಯಾಲಯದ ಬಾಗಿಲು ಮುಚ್ಚಿದ ಹೊತ್ತಿನಲ್ಲಿಯೇ ಸ್ನೇಹಲತಾ ಬೆಂಗಳೂರಿನ ಕೇಂದ್ರ ಕಾರಾಗೃಹವನ್ನು ಸೇರಿದರು. ಬರೋಡಾ ಡೈನಮೈಟ್ ಪ್ರಕರಣದೊಂದಿಗೆ ಅವರ ಹೆಸರನ್ನು ತಳಕು ಹಾಕಲಾಗಿತ್ತು. ಆದರೆ ಫರ್ನಾಂಡಿಸ್ ಹಾಗೂ ಇತರ 24 ಮಂದಿಯ ವಿರುದ್ಧದ ಆರೋಪಪಟ್ಟಿಯಲ್ಲಿ ಅದು ಕಾಣಿಸಿಕೊಳ್ಳಲೇ ಇಲ್ಲ. ಆದರೂ ಸೆರೆವಾಸ ಮುಂದುವರಿಯಿತು. ಅಪರಾಧದ ಶೋಧನೆ ಸೇಡಾಗಿ ಮಾರ್ಪಡುವ ಗೆರೆ ಇದೇ.

ಅವರು ತೀವ್ರ ಉಬ್ಬಸ ರೋಗಿಯಾಗಿದ್ದರು. ಸೆರೆಮನೆಯಲ್ಲಿ ಇಂಗ್ಲಿಷಿನಲ್ಲಿ ಬರೆದಿಟ್ಟ ದಿನಚರಿಯಲ್ಲಿ ತಮ್ಮ ಯಾತನೆಯ ಜತೆಗೆ ಸಹಬಂದಿಗಳಾದ ಬಡ ಮಹಿಳೆಯರ ಅವಮಾನಗಳನ್ನೂ ದಾಖಲಿಸಿದ್ದಾರೆ. ಆರೋಗ್ಯ ಪೂರ್ತಿ ಕುಸಿದ ಮೇಲೆ, 1977ರ ಜನವರಿ 15ರಂದು, ಪೆರೋಲ್ ಮೇಲೆ ಹೊರಬಂದರು. 18ರಂದು ಲೋಕಸಭಾ ಚುನಾವಣೆ ಪ್ರಕಟವಾಯಿತು. 20ರಂದು ಅವರು ತೀರಿಕೊಂಡರು. ದಿನಚರಿ ಅದೇ ವರ್ಷ ಪುಸ್ತಕರೂಪದಲ್ಲಿ ಪ್ರಕಟವಾಯಿತು.

ಮಾರ್ಚಿಯಲ್ಲಿ ಕೇಂದ್ರ ಸರ್ಕಾರ ಪತನಗೊಂಡಿತಾದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಸಂದವು. ಮತದಾರರು ನಾನಾ ಕಾರಣಗಳಿಂದ ಮತ ನೀಡುತ್ತಾರೆ. ಒಬ್ಬ ವ್ಯಕ್ತಿಗಾದ ಅನ್ಯಾಯದ ವಿಚಾರಣೆಯನ್ನು ಮತಪೆಟ್ಟಿಗೆ ನಡೆಸಲಾರದು. ಆ ಹೊಣೆ ಕಾನೂನಿನದು. 1978ರ 44ನೆಯ ತಿದ್ದುಪಡಿಯು ತುರ್ತು ಪರಿಸ್ಥಿತಿಯಲ್ಲಿಯೂ ಜೀವಿಸುವ ಹಕ್ಕಿನ ಜಾರಿಯನ್ನು ಅಮಾನತುಗೊಳಿಸದಂತೆ ಮಾಡಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 1976ರ ತೀರ್ಪನ್ನು ತಳ್ಳಿಹಾಕಿತು. ಅಷ್ಟರಲ್ಲಿ ಸ್ನೇಹಲತಾ ಗತಿಸಿ ನಲವತ್ತು ವರ್ಷಗಳಾಗಿದ್ದವು. ಚಂದ್ರಿಯ ಪಾತ್ರವನ್ನು ಓದುವಷ್ಟೇ ಎಚ್ಚರದಿಂದ ಆ ದಿನಚರಿಯನ್ನೂ ಓದುವುದು ಕನ್ನಡ ಅಧ್ಯಯನದ ಮುಂದಿರುವ ಕೆಲಸ.